ಗಾಳಿ ಎದ್ದರೆ ಶಾಲೆ ಬೇಡ ಎನ್ನುವ ಮಗಳು: ಚಿಕ್ಕ ಮಕ್ಕಳ ಆತಂಕಕ್ಕೆ ಸಿಬಿಟಿ ಕೊಡಿಸಿದವರು ಇದ್ದೀರಾ?

ತೋಟದಮನೆ ಅಮ್ಮ, ತೀರ್ಥಹಳ್ಳಿ ತಾಲ್ಲೂಕು | ಜೂನ್ 18, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ, ಈ ವರ್ಷ ಒಂದನೇ ತರಗತಿ. ಕಳೆದ ಆಷಾಢದಲ್ಲಿ ಒಂದು ರಾತ್ರಿ ಗಾಳಿಗೆ ಹಿತ್ತಲಿನ ಹಲಸಿನ ಮರದ ದೊಡ್ಡ ಕೊಂಬೆ ಮುರಿದು ಕೊಟ್ಟಿಗೆಯ ಮೇಲೆ ಬಿತ್ತು. ಹಂಚು ಒಡೆಯಿತು, ದನಗಳು ಕೂಗಿದವು, ಕರೆಂಟ್ ಹೋಯಿತು, ನಾವೆಲ್ಲ ಟಾರ್ಚ್ ಹಿಡಿದು ಮಳೆಯಲ್ಲಿ ಓಡಾಡಿದೆವು. ಕರುವಿನ ಕಾಲಿಗೆ ಸ್ವಲ್ಪ ಗಾಯವಾದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅವಳ ಪಾಲಿಗೆ ಆ ರಾತ್ರಿ ಇನ್ನೂ ಮುಗಿದಿಲ್ಲ.

ಗಾಳಿ ಸ್ವಲ್ಪ ಎದ್ದರೂ ನನ್ನ ಸೆರಗು ಹಿಡಿಯುತ್ತಾಳೆ. ಬಚ್ಚಲಿಗೆ ಒಬ್ಬಳೇ ಹೋಗುವುದಿಲ್ಲ. ಬೇಸಿಗೆಯಲ್ಲಿ ಕಡಿಮೆಯಾಯಿತೆಂದು ನೆಮ್ಮದಿಯಾಗಿದ್ದೆ. ಜೂನ್ ಬಂದದ್ದೇ ತಡ, ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವು. ಭಾನುವಾರ ಮಾತ್ರ ನೋವಿಲ್ಲ. ಶಾಲೆ ಶುರುವಾದ ದಿನದಿಂದಲೂ ನಾನು ತರಗತಿಯ ಹೊರಗೆ ಜಗಲಿಯಲ್ಲಿ ಕುಳಿತಿರುತ್ತೇನೆ. ಅವಳು ಐದು ನಿಮಿಷಕ್ಕೊಮ್ಮೆ ಬಾಗಿಲ ಕಡೆ ತಿರುಗಿ ನಾನಿದ್ದೇನೆಯೇ ಎಂದು ನೋಡುತ್ತಾಳೆ. ಇತ್ತ ತೋಟಕ್ಕೆ ಔಷಧಿ ಹೊಡೆಸುವ ಹೊತ್ತು, ಮನೆಯ ಕೆಲಸ ಎಲ್ಲವೂ ನಿಂತಿದೆ.

ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿಸಿ, ಹೊಟ್ಟೆಯಲ್ಲಿ ತೊಂದರೆ ಇಲ್ಲ, ಇದು ಆತಂಕ ಎಂದರು. ಶಿವಮೊಗ್ಗದಲ್ಲಿ ಒಬ್ಬರನ್ನು ಭೇಟಿಯಾದೆವು. ಅವರು ಸಿಬಿಟಿ, ಅಂದರೆ ಅರಿವು ಮತ್ತು ವರ್ತನೆಯ ಚಿಕಿತ್ಸೆ, ಕೊಡಬಹುದು ಎಂದರು. ಅತ್ತೆಯವರು ತಾಯಿತ ಕಟ್ಟಿಸೋಣ ಎನ್ನುತ್ತಾರೆ. ಯಜಮಾನರು ದೊಡ್ಡವಳಾದ ಮೇಲೆ ಸರಿಹೋಗುತ್ತದೆ ಎನ್ನುತ್ತಾರೆ. ನನ್ನ ಪ್ರಶ್ನೆ ಇದು: ಇನ್ನೂ ಒತ್ತಕ್ಷರ ತಿದ್ದುತ್ತಿರುವ ಮಗುವಿಗೆ 'ನಿನ್ನ ಯೋಚನೆಯನ್ನು ಗಮನಿಸು' ಎಂದರೆ ಅರ್ಥವಾಗುತ್ತದೆಯೇ? ಈ ಮಳೆಯಲ್ಲಿ 60 ಕಿಲೋಮೀಟರ್ ಹೋಗಿ ಬರುವುದಕ್ಕೆ ತಕ್ಕ ಫಲ ಇದೆಯೇ? ಕೊಡಿಸಿದವರು ದಯವಿಟ್ಟು ಹೇಳಿ.

ಸಾಗರದ ಅಪ್ಪ | ಜೂನ್ 18, ರಾತ್ರಿ 10.35

ಅಕ್ಕ, ನಾವು ಕೊಡಿಸಿದ್ದೇವೆ. 2019ರಲ್ಲಿ ನಮ್ಮ ಮಗನಿಗೆ ಐದು ವರ್ಷ. ಆ ವರ್ಷ ಅರಳಗೋಡಿನ ಕಡೆ, ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಎದ್ದಿತ್ತು. ಮನೆಯಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲಿ ನೋಡಿದರೂ ಅದೇ ಮಾತು. ಮಗು ಆಟವಾಡುತ್ತಿದೆ, ಅವನಿಗೇನು ತಿಳಿಯುತ್ತದೆ ಎಂದುಕೊಂಡು ನಾವು ಅವನೆದುರೇ ಸಾವಿನ ಸುದ್ದಿ ಮಾತನಾಡುತ್ತಿದ್ದೆವು. ಒಂದು ದಿನ ಅವನು ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟ. ದಿನಕ್ಕೆ ಇಪ್ಪತ್ತು ಸಲ ಅಂಗಿ ಎತ್ತಿ 'ಉಣುಗು ಇದೆಯಾ ನೋಡು' ಎನ್ನುತ್ತಿದ್ದ. 'ನನಗೆ ಜ್ವರ ಇದೆಯಾ' ಎಂದು ಕೇಳುತ್ತಿದ್ದ. ನಾನು ಪ್ರತಿ ಸಲವೂ ಹಣೆ ಮುಟ್ಟಿ 'ಇಲ್ಲ ಮಗನೇ' ಎನ್ನುತ್ತಿದ್ದೆ. ಹತ್ತು ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ.

ಚಿಕಿತ್ಸೆಯಲ್ಲಿ ಮೊದಲು ಕಲಿತವನು ಅವನಲ್ಲ, ನಾನು. ಮೊದಲ ನಾಲ್ಕು ಭೇಟಿಗಳಲ್ಲಿ ಹೆಚ್ಚಿನ ಹೊತ್ತು ನನ್ನ ಮತ್ತು ನನ್ನ ಹೆಂಡತಿಯ ಜೊತೆಗೇ ಮಾತು. ನನ್ನ ಪ್ರತಿಯೊಂದು 'ಇಲ್ಲ ಮಗನೇ' ಆ ಪ್ರಶ್ನೆಗೆ ಉಣಿಸಿದ ತುತ್ತು ಎಂದು ಅಲ್ಲಿ ತಿಳಿಯಿತು.

ಯೋಚನೆಯ ವಿಚಾರ ಕೇಳಿದಿರಿ. ನಮ್ಮವನಿಗೆ ಯೋಚನೆ ಗೀಚನೆ ಎಂದು ಯಾರೂ ಪಾಠ ಮಾಡಲಿಲ್ಲ. ಹೆದರಿಕೆಯ ಚಿತ್ರ ಬಿಡಿಸು, ಅದಕ್ಕೊಂದು ಹೆಸರಿಡು ಎಂದರು. ಅವನು ಬರೆದದ್ದು ಜೀರುಂಡೆ. 'ಕೂಗುವುದು ಕೇಳಿದರೆ ಆನೆಯಷ್ಟು ಇದೆ ಅನಿಸುತ್ತದೆ, ಮರದ ಮೇಲೆ ಹುಡುಕಿದರೆ ಇಷ್ಟೇ ಇರುತ್ತದೆ' ಎಂದು ಬೆರಳ ತುದಿ ತೋರಿಸಿದ. ಅಂದಿನಿಂದ ನಮ್ಮ ಮನೆಯಲ್ಲಿ 'ಹೆದರಬೇಡ' ಎನ್ನುವ ಮಾತೇ ಇಲ್ಲ. 'ಜೀರುಂಡೆ ಕೂಗುತ್ತಿದೆಯೇ?' ಎಂದು ಕೇಳುತ್ತೇವೆ. ಐದು ವರ್ಷದ ಮಗುವಿಗೂ ಅಷ್ಟು ಅರ್ಥವಾಗುತ್ತದೆ.

ಹಳೇ ಮಲೆನಾಡಿಗ | ಜೂನ್ 19, ಬೆಳಿಗ್ಗೆ 6.15

ಬೇಸರ ಮಾಡಿಕೊಳ್ಳಬೇಡಿ ತಂಗಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇನೆ. ನಾವೆಲ್ಲ ಕಂಬಳಿ ಕೊಪ್ಪೆ ಹಾಕಿಕೊಂಡು, ಉಂಬಳ ಕಚ್ಚಿಸಿಕೊಂಡು, ತುಂಬಿದ ಹಳ್ಳ ದಾಟಿ ಶಾಲೆಗೆ ಹೋದವರು. ಯಾರ ತಾಯಿಯೂ ಜಗಲಿಯಲ್ಲಿ ಕೂರಲಿಲ್ಲ. ನೀವು ಕುಳಿತಿರುವುದರಿಂದಲೇ ಮಗು ಹಟ ಕಲಿಯುತ್ತಿದೆ. ಎರಡು ದಿನ ಅತ್ತರೂ ಬಿಟ್ಟು ಬನ್ನಿ, ಮೂರನೆಯ ದಿನ ತಾನೇ ಹೋಗುತ್ತದೆ. ಇದಕ್ಕೆಲ್ಲ ಚಿಕಿತ್ಸೆ ಎಂದು ಹೆಸರಿಟ್ಟರೆ ಮಗುವಿನ ಮನಸ್ಸಿನಲ್ಲಿ ತನಗೇನೋ ಕಾಯಿಲೆ ಎಂದು ಕೂತುಬಿಡುತ್ತದೆ.

ಹೊಳೆಯಾಚೆಯವ | ಜೂನ್ 19, ಬೆಳಿಗ್ಗೆ 7.40

ಹಿರಿಯರು ಹೇಳಿದ್ದಕ್ಕೆ ಎದುರಾಡುತ್ತಿಲ್ಲ. ಆದರೆ ಹಳ್ಳ ದಾಟಿದವರ ಲೆಕ್ಕ ಹೇಳುವಾಗ ದಾಟಲಾರದೆ ಉಳಿದವರನ್ನೂ ಸೇರಿಸಬೇಕು. ನಾನು ಅವರಲ್ಲಿ ಒಬ್ಬ.

ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ಕಾಲುಸಂಕ ಇತ್ತು. ಎರಡು ಅಡಿಕೆ ದಬ್ಬೆ, ಹಿಡಿಯಲು ಒಂದು ಬಳ್ಳಿ. ಎರಡನೆಯ ತರಗತಿಯಲ್ಲಿದ್ದಾಗ ಒಮ್ಮೆ ಕಾಲು ಜಾರಿತು. ಅಣ್ಣ ಹಿಡಿದುಕೊಂಡ. ಮರುದಿನ ಸಂಕದ ಬಳಿ ಬಂದಾಗ ಕಾಲು ಎತ್ತಿಡಲು ಆಗಲಿಲ್ಲ. ಅಪ್ಪ ಬರಲಿನಲ್ಲಿ ಹೊಡೆದು ದಾಟಿಸಿದರು. ಎರಡು ದಿನ ಅಲ್ಲ, ಒಂದು ಮಳೆಗಾಲ ಪೂರ್ತಿ ಹೊಡೆದು ದಾಟಿಸಿದರು. ಹೆದರಿಕೆ ಹೋಗಲಿಲ್ಲ. ಸಂಕದ ಹೆದರಿಕೆಯ ಜೊತೆ ಅಪ್ಪನ ಹೆದರಿಕೆಯೂ ಸೇರಿಕೊಂಡಿತು. ಮೂರನೆಯ ತರಗತಿಗೆ ನನ್ನ ಓದು ನಿಂತಿತು. ಮಂದಬುದ್ಧಿ ಎಂದರು, ಸೋಮಾರಿ ಎಂದರು. ಅಂಜಿಕೆ ಎಂದು ಯಾರೂ ಹೇಳಲಿಲ್ಲ. ನನಗೀಗ ಐವತ್ತೆಂಟು. ಅಕ್ಷರವನ್ನು ಆಮೇಲೆ ನಾನೇ ಕಲಿತೆ. ಈ ಮಗುವಿನ ವಿಚಾರ ಓದಿ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆದೆ. ತಂಗಿ, ಕರೆದುಕೊಂಡು ಹೋಗಿ. ಬಸ್ಸಿನ ದಾರಿ ದೂರವೆಂದು ಬಿಡಬೇಡಿ.

ಮಕ್ಕಳ ಮನಸ್ಸು, ಶಿವಮೊಗ್ಗ | ಜೂನ್ 19, ಮಧ್ಯಾಹ್ನ 2.20

ನಾನು ಮಕ್ಕಳ ಜೊತೆ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್. ಮಗುವನ್ನು ನೋಡದೆ ಇದು ಇಂಥದೇ ಎಂದು ಹೇಳುವುದಿಲ್ಲ. ಕೇಳಿದ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತೇನೆ.

ಮೊದಲು ಹೊಟ್ಟೆನೋವಿನ ವಿಚಾರ. ಅದು ನಾಟಕವಲ್ಲ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಓಡಲು ಬೇಕಾಗುತ್ತದೆಂದು ದೇಹ ರಕ್ತವನ್ನು ಹೊಟ್ಟೆಯಿಂದ ಕೈಕಾಲಿನ ಸ್ನಾಯುಗಳ ಕಡೆ ತಿರುಗಿಸುತ್ತದೆ. ಜೀರ್ಣಕ್ರಿಯೆ ಏರುಪೇರಾಗಿ ಹೊಟ್ಟೆ ಕಿವುಚುತ್ತದೆ. ಮಗುವಿಗೆ ನಿಜವಾಗಿಯೂ ನೋವಾಗುತ್ತದೆ. 'ಸುಳ್ಳು ಹೇಳುತ್ತೀಯಾ' ಎಂದರೆ ಅದಕ್ಕೆ ತನ್ನ ಮೈಯ ಮೇಲೆಯೇ ನಂಬಿಕೆ ಹೋಗುತ್ತದೆ.

ಹಿರಿಯರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಅದನ್ನು ತಳ್ಳಿಹಾಕಬಾರದು. ತಾಯಿ ಜಗಲಿಯಲ್ಲೇ ಉಳಿದರೆ ಭಯವೂ ಉಳಿಯುತ್ತದೆ. ಹೆದರಿದ ಮಗು ತಪ್ಪಿಸಿಕೊಂಡಾಗ ತಕ್ಷಣ ಹಾಯೆನಿಸುತ್ತದೆ. 'ಅಮ್ಮ ಪಕ್ಕದಲ್ಲಿ ಇದ್ದದ್ದಕ್ಕೇ ಉಳಿದೆ' ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಅಮ್ಮ ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಕಂಡುಕೊಳ್ಳುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಇಲ್ಲಿಯವರೆಗೆ ಅವರ ಮಾತು ಸರಿ. ತಪ್ಪಿರುವುದು ಉಪಾಯದಲ್ಲಿ. ಒಮ್ಮೆಲೇ ನೀರಿಗೆ ನೂಕಿದರೆ ಮಗು ಕಲಿಯುವುದು ಈಜನ್ನಲ್ಲ, ನೂಕಿದವರ ಮೇಲಿನ ಅಪನಂಬಿಕೆಯನ್ನು. ಹೊಳೆಯಾಚೆಯವರು ಬರೆದದ್ದನ್ನು ನಾನು ಎರಡು ಸಲ ಓದಿದೆ. ಯಾವ ಪಠ್ಯಪುಸ್ತಕವೂ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ನಡುವಿನ ದಾರಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲವನ್ನು ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಮಗುವಿನ ಬಗ್ಗೆ ಬರೆದರು. ಅವನಿಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿ ಇಟ್ಟರು, ಅವನು ಅಳದಷ್ಟು ದೂರದಲ್ಲಿ. ದಿನದಿಂದ ದಿನಕ್ಕೆ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಬಿಟ್ಟರು. ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡಿದ. ಇಂದಿಗೂ ಚಿಕ್ಕ ಮಕ್ಕಳ ಸಿಬಿಟಿಯ ತಿರುಳು ಇದೇ. ಯೋಚನೆಯನ್ನು ಪರೀಕ್ಷಿಸುವ ಭಾಗವನ್ನು 1960ರ ದಶಕದಲ್ಲಿ ಆರನ್ ಬೆಕ್ ದೊಡ್ಡವರ ಖಿನ್ನತೆಗಾಗಿ ರೂಪಿಸಿದರು. ಆತಂಕದ ಮಕ್ಕಳಿಗೆ ಎರಡನ್ನೂ ಹೊಂದಿಸಿ 16 ಭೇಟಿಗಳ ಕ್ರಮ ಮಾಡಿದವರು ಟೆಂಪಲ್ ವಿಶ್ವವಿದ್ಯಾಲಯದ ಫಿಲಿಪ್ ಕೆಂಡಾಲ್. ಅವರ ಮೊದಲ ದೊಡ್ಡ ಪ್ರಯೋಗ 1994ರಲ್ಲಿ ಪ್ರಕಟವಾಯಿತು, 47 ಮಕ್ಕಳ ಮೇಲೆ.

ಆರು ವರ್ಷದವರಿಗೆ ಅದನ್ನು ಹಾಗೆಯೇ ಬಳಸಲು ಆಗುವುದಿಲ್ಲ. ಈ ವಯಸ್ಸಿನಲ್ಲಿ ವಾದ ಮಾಡಿ ಭಯ ಕಳೆಯಲಾಗದು. ಆಟ, ಚಿತ್ರ, ಗೊಂಬೆ, ಕಥೆ ಇವುಗಳ ಮೂಲಕ ಸ್ವಲ್ಪ ಮಾತು. ಉಳಿದದ್ದೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಮಾಡಿ ನೋಡುವುದು, ಮತ್ತು ಅಪ್ಪ ಅಮ್ಮನಿಗೆ ತರಬೇತಿ. ಸಾಗರದ ಸರ್ ಹೇಳಿದ್ದು ಅಪರೂಪದ ಅನುಭವವಲ್ಲ, ಈ ವಯಸ್ಸಿಗೆ ಅದೇ ಸರಿಯಾದ ಕ್ರಮ.

ಇನ್ನೊಂದು ಮಾತು, ಇದನ್ನು ಮೊದಲೇ ಬರೆಯಬೇಕಿತ್ತು. ಮೆಟ್ಟಿಲು ಕಟ್ಟುವ ಮುನ್ನ ಶಾಲೆಯಲ್ಲಿ ನಿಜವಾಗಿಯೂ ಏನಾದರೂ ನಡೆಯುತ್ತಿದೆಯೇ ಎಂದು ವಿಚಾರಿಸಿ. ಯಾರಾದರೂ ಹೊಡೆಯುತ್ತಿದ್ದಾರೆಯೇ, ದೊಡ್ಡ ಮಕ್ಕಳು ಕಾಡುತ್ತಿದ್ದಾರೆಯೇ, ಶೌಚಾಲಯಕ್ಕೆ ಹೋಗಲು ತೊಂದರೆಯೇ, ಯಾರಾದರೂ ಮುಟ್ಟಬಾರದಂತೆ ಮುಟ್ಟುತ್ತಿದ್ದಾರೆಯೇ. ಅಂಥದ್ದು ಇದ್ದರೆ ಅದನ್ನು ನಿಲ್ಲಿಸುವುದೇ ಚಿಕಿತ್ಸೆ. ಅಂಥ ಜಾಗಕ್ಕೆ ಮಗುವನ್ನು ಒಗ್ಗಿಸಬಾರದು.

ತೋಟದಮನೆ ಅಮ್ಮ | ಜೂನ್ 19, ರಾತ್ರಿ 10.05

ಎಲ್ಲರ ಮಾತನ್ನೂ ಓದಿದೆ, ಹೊಳೆಯಾಚೆ ಅಣ್ಣನ ಮಾತು ಓದಿ ಅಳು ಬಂತು. ಶಾಲೆಯಲ್ಲಿ ವಿಚಾರಿಸಿದ್ದೇನೆ. ಟೀಚರ್ ಒಳ್ಳೆಯವರು, ಅವಳಿಗೂ ಅವರೆಂದರೆ ಇಷ್ಟ.

ಮೇಡಂ, ನನಗೆ ಬಗೆಹರಿಯದ ವಿಷಯ ಒಂದಿದೆ. ಮಗಳು 'ಮರ ಬೀಳುತ್ತದೆ' ಎನ್ನುತ್ತಾಳೆ. ನಾನು 'ಬೀಳುವುದಿಲ್ಲ' ಎಂದು ಹೇಗೆ ಹೇಳಲಿ? ಬಿದ್ದದ್ದನ್ನು ಅವಳೇ ನೋಡಿದ್ದಾಳೆ. ನಮ್ಮ ಕಡೆ ಪ್ರತಿ ಮಳೆಗಾಲದಲ್ಲೂ ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಧರೆ ಕುಸಿಯುತ್ತದೆ. ಪೇಟೆಯ ಮಗುವಿನ ಭಯ ಕಲ್ಪನೆಯದಾಗಿರಬಹುದು. ನಮ್ಮ ಮಕ್ಕಳದ್ದು ಹಾಗಲ್ಲವಲ್ಲ.

ಮಕ್ಕಳ ಮನಸ್ಸು, ಶಿವಮೊಗ್ಗ | ಜೂನ್ 20, ಬೆಳಿಗ್ಗೆ 8.10

ಇದು ಬಹಳ ಮುಖ್ಯವಾದ ಪ್ರಶ್ನೆ. 'ಬೀಳುವುದಿಲ್ಲ' ಎನ್ನಬೇಡಿ. ಸಿಬಿಟಿ ಎಂದರೆ ಅಪಾಯವೇ ಇಲ್ಲವೆಂದು ನಂಬಿಸುವುದಲ್ಲ. ಎಷ್ಟು ಅಪಾಯ, ಅದಕ್ಕೆ ನಾವೇನು ಮಾಡಿದ್ದೇವೆ, ಅದನ್ನೂ ಮೀರಿ ಜೀರುಂಡೆ ಕೂಗುವುದು ಎಷ್ಟು, ಇವುಗಳನ್ನು ಬೇರೆ ಬೇರೆ ಮಾಡಿ ನೋಡುವುದು. ಮನೆಗೆ ವಾಲಿದ ಕೊಂಬೆಗಳಿದ್ದರೆ ಈ ವಾರವೇ ಕಡಿಸಿ, ಕಡಿಯುವುದನ್ನು ಅವಳು ನೋಡಲಿ. ಜೋರು ಗಾಳಿಯಲ್ಲಿ ಯಾವ ಕೋಣೆಯಲ್ಲಿ ಇರಬೇಕು ಎಂದು ಒಮ್ಮೆ ಹೇಳಿಕೊಡಿ. ಅಲ್ಲಿಗೆ ಮುನ್ನೆಚ್ಚರಿಕೆ ಮುಗಿಯಿತು. ಎಲೆ ಅಲ್ಲಾಡಿದಾಗಲೆಲ್ಲ ಕಿಟಕಿಗೆ ಓಡುವುದು, ಹತ್ತು ಸಲ ಕೇಳುವುದು, ಶಾಲೆ ಬಿಡುವುದು ಇವು ಯಾವುವೂ ಮರವನ್ನು ಹಿಡಿದು ನಿಲ್ಲಿಸುವುದಿಲ್ಲ. ಅವು ಮುನ್ನೆಚ್ಚರಿಕೆಯಲ್ಲ, ಭಯದ ಕೆಲಸ.

ಅವಳು ಕೇಳಿದಾಗ ಎರಡು ಮಾತು ಸಾಕು: 'ನಿನಗೆ ಹೆದರಿಕೆ ಆಗುತ್ತಿದೆ, ನನಗೆ ಗೊತ್ತು. ಹೆದರಿಕೆ ಇದ್ದರೂ ನೀನು ಇದನ್ನು ಮಾಡಬಲ್ಲೆ.' ಮೊದಲನೆಯದನ್ನಷ್ಟೇ ಹೇಳಿದರೆ ಮಗು ಅಲ್ಲೇ ಉಳಿಯುತ್ತದೆ. ಎರಡನೆಯದನ್ನಷ್ಟೇ ಹೇಳಿದರೆ ತನ್ನ ಕಷ್ಟ ಇವರಿಗೆ ಕಾಣುತ್ತಿಲ್ಲ ಅನಿಸುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಎಂಬವರು ತಂದೆ ತಾಯಿಗೆ ಮಾತ್ರ ತರಬೇತಿ ಕೊಡುವ ಕ್ರಮವನ್ನು ರೂಪಿಸಿದ್ದಾರೆ, ಮಗುವನ್ನು ಕರೆಯುವುದೇ ಇಲ್ಲ. 7ರಿಂದ 14 ವರ್ಷದ 124 ಮಕ್ಕಳ ಅಧ್ಯಯನದಲ್ಲಿ ಅದು ಮಗುವಿಗೇ ಕೊಡುವ ಸಿಬಿಟಿಗೆ ಕಡಿಮೆಯಿಲ್ಲದ ಫಲ ಕೊಟ್ಟಿತು. ಮಳೆಗಾಲದಲ್ಲಿ ಮಗುವನ್ನು ಬಸ್ಸಿನಲ್ಲಿ ಎಳೆದಾಡಲು ಆಗದವರಿಗೆ ಈ ಮಾತು ಧೈರ್ಯ ಕೊಡಬೇಕು. ನೀವೊಬ್ಬರೇ ಬಂದರೂ ಕೆಲಸ ನಡೆಯುತ್ತದೆ.

ಸಾಗರದ ಅಪ್ಪ | ಜೂನ್ 20, ಬೆಳಿಗ್ಗೆ 9.00

ಮೇಡಂ ಹೇಳಿದ್ದನ್ನು ನಾವು ಹೀಗೆ ಮಾಡಿದೆವು. ಕಾಡಂಚಿಗೆ ಹೋಗುವಾಗ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ, ಉದ್ದ ತೋಳಿನ ಅಂಗಿ. ಸಂಜೆ ಸ್ನಾನದ ಹೊತ್ತಿಗೆ ಒಮ್ಮೆ ಮೈ ನೋಡುವುದು. ಮಂಗ ಸತ್ತದ್ದು ಕಂಡರೆ ಮುಟ್ಟದೆ ದೊಡ್ಡವರಿಗೆ ಹೇಳುವುದು. ಇಷ್ಟು ನಿಯಮ, ಇದಕ್ಕಿಂತ ಹೆಚ್ಚಿಲ್ಲ. ಮಧ್ಯಾಹ್ನ ಅಂಗಿ ಎತ್ತಿದರೆ 'ಸಂಜೆ ನೋಡೋಣ' ಎನ್ನುತ್ತಿದ್ದೆವು. ಮೊದಲ ವಾರ ಅತ್ತು ಕರೆದು ರಂಪ ಮಾಡಿದ. ನನ್ನ ತಾಯಿ ಮಗುವಿನ ಮೇಲೆ ಕನಿಕರವಿಲ್ಲವೇ ಎಂದು ಊಟ ಬಿಟ್ಟರು. ಮೂರನೆಯ ವಾರಕ್ಕೆ ಕೇಳುವುದು ಎರಡು ಮೂರಕ್ಕೆ ಇಳಿಯಿತು. ಆ ಮೊದಲ ವಾರವನ್ನು ತಾಳಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ ಅಕ್ಕ, ಮನೆಯವರೆಲ್ಲರ ಜೊತೆ ಮೊದಲೇ ಮಾತಾಡಿಕೊಳ್ಳಿ.

ನಿವೃತ್ತ ಮೇಷ್ಟ್ರು, ಹೊಸನಗರ | ಜೂನ್ 20, ಸಂಜೆ 5.30

ಮೂವತ್ತಕ್ಕೂ ಹೆಚ್ಚು ವರ್ಷ ಮಲೆನಾಡಿನ ಶಾಲೆಗಳಲ್ಲಿ ಒಂದನೇ ತರಗತಿಗೆ ಪಾಠ ಹೇಳಿದ್ದೇನೆ. ತರಗತಿಯ ಕಡೆಯಿಂದ ಎರಡು ಮಾತು.

ಮಗು ಬಂದ ಕೂಡಲೇ ಅದಕ್ಕೊಂದು ಕೆಲಸ ಕೊಡಲು ಟೀಚರಿಗೆ ಹೇಳಿ. ಸೀಮೆಸುಣ್ಣ ತರುವುದು, ಹಾಜರಿ ಪುಸ್ತಕ ಹಿಡಿಯುವುದು, ಹೀಗೆ. ಕೈಗೆ ಕೆಲಸ ಬಂದರೆ ಕಣ್ಣು ಬಾಗಿಲಿನ ಕಡೆ ಹೋಗುವುದು ಕಡಿಮೆಯಾಗುತ್ತದೆ. ತಾಯಿ ಹೋಗುವಾಗ ಹೇಳಿಯೇ ಹೋಗಲಿ. ಕಣ್ಣು ತಪ್ಪಿಸಿ ಹೋದರೆ ಮರುದಿನದಿಂದ ಮಗು ಎವೆಯಿಕ್ಕದೆ ಕಾವಲು ಕೂರುತ್ತದೆ. ಇದನ್ನು ನಾನು ತಡವಾಗಿ ಕಲಿತೆ. 'ಅವಳು ಆಟದಲ್ಲಿದ್ದಾಳೆ, ಈಗ ಮೆಲ್ಲಗೆ ಹೋಗಿಬಿಡಿ' ಎಂದು ಎಷ್ಟೋ ತಾಯಂದಿರಿಗೆ ನಾನೇ ಹೇಳಿದ್ದೇನೆ, ಇಂದು ನೆನೆದರೆ ಸಂಕಟವಾಗುತ್ತದೆ.

ಎರಡನೆಯದು ಮಳೆ ರಜೆ. ಗಾಳಿಗೆ ಹೆದರುವ ಮಗು ಎರಡು ವಾರ ಕಷ್ಟಪಟ್ಟು ಶಾಲೆಗೆ ಒಗ್ಗುತ್ತಿರುವಾಗ ಜಿಲ್ಲಾಧಿಕಾರಿಗಳು ಮೂರು ದಿನ ರಜೆ ಕೊಡುತ್ತಾರೆ. ರಜೆ ಕೊಡಲೇಬೇಕು, ಜೀವಕ್ಕಿಂತ ಪಾಠ ದೊಡ್ಡದಲ್ಲ. ಆದರೆ ಮಗುವಿನ ಮನಸ್ಸಿಗೆ ಅದು 'ಗಾಳಿ ಬಂದರೆ ಮನೆಯಲ್ಲೇ ಇರಬೇಕು, ನಾನು ಹೇಳಿದ್ದು ನಿಜ' ಎಂದು ಕೇಳಿಸುತ್ತದೆ. ರಜೆ ಮುಗಿದ ದಿನ ಮತ್ತೆ ಹೊಟ್ಟೆನೋವು ಬಂದೇ ಬರುತ್ತದೆ. ಆಗ ಎಲ್ಲ ಹಾಳಾಯಿತೆಂದು ಕೈಚೆಲ್ಲಬೇಡಿ, ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ ಶುರು ಮಾಡಿ.

ಕೊಪ್ಪದ ಅಜ್ಜಿ | ಜೂನ್ 21, ಬೆಳಿಗ್ಗೆ 11.00

ಮೊಮ್ಮಗನ ಹತ್ತಿರ ಟೈಪ್ ಮಾಡಿಸುತ್ತಿದ್ದೇನೆ. ನಿಮ್ಮ ಅತ್ತೆಯವರ ಮೇಲೆ ಸಿಟ್ಟಾಗಬೇಡಮ್ಮ. ಮಗು ಬಳಲುವುದನ್ನು ನೋಡಿ ಸುಮ್ಮನೆ ಕೂರಲಾರದೆ ಅವರಿಗೆ ತಿಳಿದ ದಾರಿ ಹೇಳಿದ್ದಾರೆ. ತಾಯಿತ ಕಟ್ಟಲಿ, ಬಿಡಿ. ಆದರೆ ಒಂದು ವಿಷಯದಲ್ಲಿ ನಾವು ಅಜ್ಜಿಯಂದಿರು ತಪ್ಪು ಮಾಡಿದ್ದೇವೆ. ಉಣ್ಣದಿದ್ದರೆ ಗುಮ್ಮ ಬರುತ್ತಾನೆ, ಮಲಗದಿದ್ದರೆ ಚೌಡಿ ಹಿಡಿಯುತ್ತಾಳೆ ಎಂದು ಹೆದರಿಸಿಯೇ ಮಕ್ಕಳನ್ನು ಸಾಕಿದೆವು. ಕೆಲಸ ಬೇಗ ಆಗುತ್ತಿತ್ತು. ಕೆಲವು ಮಕ್ಕಳಿಗೆ ಅದು ತಟ್ಟುವುದಿಲ್ಲ, ಕೆಲವು ಮಕ್ಕಳ ಎದೆಯಲ್ಲಿ ಕೂತುಬಿಡುತ್ತದೆ. ನನ್ನ ಕಿರಿಯ ಮಗಳಿಗೆ ಹಾಗಾಗಿತ್ತು. ಅತ್ತೆಯವರಿಗೆ ಬೇರೆ ಕೆಲಸ ಕೊಡಿ. ಮಗುವಿನ ಜೊತೆ ಜಗಲಿಯಲ್ಲಿ ಕೂತು ಮಳೆ ನೋಡಲಿ, ಹಳೆಯ ಮಳೆಗಾಲದ ಕಥೆ ಹೇಳಲಿ. ಅಷ್ಟು ಮಳೆಗಾಲ ದಾಟಿ ಬಂದ ಮುದುಕಿ ಪಕ್ಕದಲ್ಲಿ ಕೂತಿರುವುದನ್ನು ಮಗು ನೋಡಲಿ.

ಮಕ್ಕಳ ಮನಸ್ಸು, ಶಿವಮೊಗ್ಗ | ಜೂನ್ 21, ಮಧ್ಯಾಹ್ನ 1.15

ಅಜ್ಜಿಗೆ ನಮಸ್ಕಾರ. ನೀವು ಹೇಳಿದ ಕೆಲಸವನ್ನು ಮೊದಲ ಮೆಟ್ಟಿಲಾಗಿ ಇಡಬಹುದು. ತಾಯಿತದ ಬಗ್ಗೆ ನನ್ನದೂ ಅದೇ ಅಭಿಪ್ರಾಯ. 'ತಾಯಿತ ಇದ್ದದ್ದಕ್ಕೇ ಶಾಲೆಗೆ ಹೋದೆ' ಎಂದು ಮಗು ಹೇಳತೊಡಗಿದರೆ ಮಾತ್ರ ಅದನ್ನು ಯಾವಾಗಲಾದರೂ ಬಿಚ್ಚಿಟ್ಟು ಹೋಗಿ ನೋಡುವ ಒಂದು ಮೆಟ್ಟಿಲು ಸೇರಿಸಬೇಕು. ಅದು ಕೊನೆಯ ಮೆಟ್ಟಿಲಾದರೂ ಸರಿ.

ಭದ್ರಾವತಿ ತಾಯಿ | ಜೂನ್ 22, ರಾತ್ರಿ 8.45

ನನ್ನ ಮಗ ಮನೆಯಲ್ಲಿ ಅರಳು ಹುರಿದ ಹಾಗೆ ಮಾತನಾಡುತ್ತಾನೆ, ಶಾಲೆಯಲ್ಲಿ ಒಂದು ಅಕ್ಷರ ಆಡುವುದಿಲ್ಲ. ಯುಕೆಜಿ, ಎಂಟು ತಿಂಗಳಾಯಿತು. ಇದೂ ಆತಂಕವೇ?

ಮಕ್ಕಳ ಮನಸ್ಸು, ಶಿವಮೊಗ್ಗ | ಜೂನ್ 22, ರಾತ್ರಿ 9.30

ಆಗಿರಬಹುದು. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಅಥವಾ ಶಾಲೆಯ ಭಾಷೆ ಬಾರದೆ ಸುಮ್ಮನಿರುವುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಂಟು ತಿಂಗಳು ಹೆಚ್ಚಾಯಿತು, ತೋರಿಸಿ. ಅಲ್ಲಿಯವರೆಗೆ 'ಮಾತಾಡು, ಮಾತಾಡು' ಎಂದು ಎಲ್ಲರೆದುರು ಒತ್ತಾಯಿಸಬೇಡಿ.

ಹಳೇ ಮಲೆನಾಡಿಗ | ಜೂನ್ 23, ಬೆಳಿಗ್ಗೆ 6.30

ಹೊಳೆಯಾಚೆಯವರೇ, ನಿಮ್ಮ ಮಾತು ಮೂರು ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. ನನ್ನ ತರಗತಿಯಲ್ಲೂ ನಡುವೆ ಶಾಲೆ ಬಿಟ್ಟ ಇಬ್ಬರಿದ್ದರು. ಅವರೇಕೆ ಬಿಟ್ಟರು ಎಂದು ನಾನು ಇಂದಿನವರೆಗೂ ಕೇಳಿಲ್ಲ.

ಮೇಡಂ, ಒಂದು ಪ್ರಶ್ನೆ ನೇರವಾಗಿ ಕೇಳುತ್ತೇನೆ. ಇದು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಲೆಕ್ಕ ಇದೆಯೇ? ಸುಮ್ಮನೆ ಬಿಟ್ಟರೂ ಕೆಲವು ಮಕ್ಕಳು ಸರಿಹೋಗುತ್ತವಲ್ಲ.

ಮಕ್ಕಳ ಮನಸ್ಸು, ಶಿವಮೊಗ್ಗ | ಜೂನ್ 23, ಸಂಜೆ 6.00

ಇದೆ ಸರ್, ಮತ್ತು ನೀವು ಹೇಳಿದ್ದೂ ಅದರಲ್ಲಿ ಕಾಣುತ್ತದೆ. ನಾಲ್ಕರಿಂದ ಏಳು ವರ್ಷದ 64 ಮಕ್ಕಳ ಮೇಲೆ ಅಮೆರಿಕದ ಡೈನಾ ಹರ್ಷ್‌ಫೆಲ್ಡ್ ಬೆಕರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅಪ್ಪ ಅಮ್ಮಂದಿರನ್ನು ಸೇರಿಸಿಕೊಂಡ ಸಿಬಿಟಿ ಪಡೆದವರಲ್ಲಿ ಶೇಕಡಾ 59 ಮಕ್ಕಳು ಸ್ಪಷ್ಟವಾಗಿ ಸುಧಾರಿಸಿದರು. ಚಿಕಿತ್ಸೆ ಇಲ್ಲದೆ ಕಾದವರಲ್ಲೂ ಶೇಕಡಾ 30 ಮಕ್ಕಳು ಸುಧಾರಿಸಿದರು. ದೊಡ್ಡ ಮಕ್ಕಳ ವಿಷಯದಲ್ಲಿ 2008ರ ಅಧ್ಯಯನ ಇನ್ನೂ ದೊಡ್ಡದು. 7ರಿಂದ 17 ವರ್ಷದ 488 ಮಕ್ಕಳು, 12 ವಾರ. ಸಿಬಿಟಿಯಿಂದ ಸುಮಾರು ಶೇಕಡಾ 60, ಆತಂಕಕ್ಕೆ ಕೊಡುವ ಸರ್ಟ್ರಾಲಿನ್ ಮಾತ್ರೆಯಿಂದ ಸುಮಾರು 55, ಎರಡೂ ಸೇರಿ ಸುಮಾರು 81, ಔಷಧವಿಲ್ಲದ ಹುಸಿ ಮಾತ್ರೆಯಿಂದ ಸುಮಾರು 24. ಆರು ವರ್ಷದವರಿಗೆ ಮಾತ್ರೆಯಿಂದ ಆರಂಭಿಸುವುದಿಲ್ಲ. ಸಿಬಿಟಿ ಎಲ್ಲ ಮಕ್ಕಳಿಗೂ ಫಲಿಸುತ್ತದೆ ಎಂದು ನಾನು ಯಾವ ತಾಯಿಗೂ ಮಾತು ಕೊಡುವುದಿಲ್ಲ. ಕಾಯುವುದಕ್ಕಿಂತ ಬಹಳ ಮೇಲು ಎಂದು ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಕಾಯುವ ಒಂದು ವರ್ಷ ದೊಡ್ಡವರಿಗೆ ಚಿಕ್ಕದು, ಒಂದನೇ ತರಗತಿಯ ಮಗುವಿಗೆ ಅಲ್ಲ.

ಆಸ್ಪತ್ರೆ ಸಿಸ್ಟರ್, ಸೊರಬ | ಜೂನ್ 24, ರಾತ್ರಿ 9.10

ಖಾಸಗಿಯಾಗಿ ತೋರಿಸಲು ಆಗದವರಿಗೆ ಬರೆಯುತ್ತಿದ್ದೇನೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಜ್ಞರು ಬರುತ್ತಾರೆ, ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಂಡು ಹೋಗಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಕ್ಟೋಬರ್ 2022ರಿಂದ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ.

ತೋಟದಮನೆ ಅಮ್ಮ | ಜುಲೈ 27, ರಾತ್ರಿ 10.20

ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಐದು ಭೇಟಿ ಮುಗಿದಿದೆ. ಎರಡಕ್ಕೆ ಮಗಳು ಬಂದಿದ್ದಳು, ಎರಡಕ್ಕೆ ನಾನೊಬ್ಬಳೇ ಹೋದೆ, ಒಂದನ್ನು ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಛತ್ರಿ ಹಿಡಿದು ನಿಂತು ಫೋನಿನಲ್ಲಿ ಮುಗಿಸಿದೆ.

ಭಯವನ್ನು ಅಳೆಯಲು ಒಣ ಅಡಿಕೆ ಇಟ್ಟಿದ್ದೇವೆ. ಒಂದು ಬಟ್ಟಲು, ಹತ್ತು ಅಡಿಕೆ. ಎಷ್ಟು ಹೆದರಿಕೆಯೋ ಅಷ್ಟು ಅಡಿಕೆಯನ್ನು ಅವಳೇ ಬಟ್ಟಲಿಗೆ ಹಾಕುತ್ತಾಳೆ. ಮೊದಲ ದಿನ ಹತ್ತೂ ಹಾಕಿ ಇನ್ನೂ ಬೇಕು ಎಂದಳು. ಮೆಟ್ಟಿಲುಗಳನ್ನು ಅವಳೇ ಚಿತ್ರ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ. ಅಜ್ಜಿಯ ಜೊತೆ ಜಗಲಿಯಲ್ಲಿ ಕೂತು ಗಾಳಿಯ ಸದ್ದು ಕೇಳುವುದು. ಮೊಬೈಲಿನಲ್ಲಿ ಗಾಳಿಯ ಸದ್ದು ಹಾಕಿಕೊಂಡು ಕೋಣೆಯಲ್ಲಿ ಒಬ್ಬಳೇ ಕೂರುವುದು. ಶಾಲೆಯಲ್ಲಿ ನಾನು ಜಗಲಿಯಿಂದ ಬಾವುಟದ ಕಟ್ಟೆಗೆ, ಕಟ್ಟೆಯಿಂದ ಗೇಟಿಗೆ, ಗೇಟಿನಿಂದ ಅಂಗಡಿಗೆ ಸರಿಯುವುದು. ಬಚ್ಚಲಿಗೆ ಒಬ್ಬಳೇ ಹೋಗುವುದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು.

ಗೇಟಿನವರೆಗೆ ಬಂದಿದ್ದೆ. ಆಗಲೇ ನಾಲ್ಕು ದಿನ ಮಳೆ ರಜೆ ಬಂತು. ಮೇಷ್ಟ್ರು ಹೇಳಿದ ಹಾಗೆಯೇ ಆಯಿತು. ರಜೆ ಮುಗಿದ ದಿನ ವಾಂತಿ ಮಾಡಿಕೊಂಡಳು. ನಾನು ಕಟ್ಟೆಗೆ ವಾಪಸ್ಸಾದೆ. ಆ ದಿನ ಮನಸ್ಸು ಬಹಳ ಕುಸಿದಿತ್ತು. ರಾತ್ರಿ ಈ ಚರ್ಚೆಯನ್ನು ಮೊದಲಿನಿಂದ ಮತ್ತೆ ಓದಿದೆ.

ನನ್ನ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಗಾಳಿ ಬಂದಾಗ ಅವಳಿಗಿಂತ ಮೊದಲು ನಾನು ಕಿಟಕಿ ನೋಡುತ್ತೇನೆ. ಆ ರಾತ್ರಿಯ ನಂತರ ನನಗೂ ಗಾಳಿ ಎಂದರೆ ಎದೆ ಝಲ್ಲೆನ್ನುತ್ತದೆ. ಚಿಕಿತ್ಸೆ ಕೊಡುವವರು ಅದನ್ನು ಎರಡನೆಯ ಭೇಟಿಯಲ್ಲೇ ಕಂಡುಹಿಡಿದರು. ಈಗ ಬಟ್ಟಲಿಗೆ ನಾನೂ ಅಡಿಕೆ ಹಾಕುತ್ತೇನೆ. ಮೊನ್ನೆ ನಾನು ಆರು ಹಾಕಿದೆ, ಅವಳು ಐದು. 'ಅಮ್ಮ, ನಿನಗೆ ಹೆದರಿಕೆ ಆಗುತ್ತಿದೆ, ನನಗೆ ಗೊತ್ತು' ಎಂದಳು.

ಸಾಗರದ ಅಪ್ಪ | ಜುಲೈ 27, ರಾತ್ರಿ 10.45

ಅಕ್ಕ, ಓದಿ ಕಣ್ಣು ತುಂಬಿತು. ಮುಂದುವರಿಸಿ.

ತೋಟದಮನೆ ಅಮ್ಮ | ಸೆಪ್ಟೆಂಬರ್ 30, ರಾತ್ರಿ 9.00

ಒಂದು ತಿಂಗಳಿನಿಂದ ಅವಳನ್ನು ಗೇಟಿನ ಬಳಿ ಬಿಟ್ಟು ಮನೆಗೆ ಬರುತ್ತಿದ್ದೇನೆ. ಬೆಳಗಿನ ಹೊಟ್ಟೆನೋವು ವಾರಕ್ಕೊಮ್ಮೆ ಇದೆ, ಸೋಮವಾರ. ರಾತ್ರಿ ಜೋರು ಗಾಳಿ ಎದ್ದರೆ ಈಗಲೂ ನಮ್ಮ ಹಾಸಿಗೆಗೆ ಬರುತ್ತಾಳೆ. ಬಚ್ಚಲಿಗೆ ಹಗಲು ಹೊತ್ತು ಹೋಗುತ್ತಾಳೆ, ಕತ್ತಲಾದ ಮೇಲೆ ಇನ್ನೂ ಇಲ್ಲ. ಅತ್ತೆಯವರು ತಾಯಿತ ಕಟ್ಟಿದ್ದಾರೆ, ಮೆಟ್ಟಿಲಿನ ಚಿತ್ರಕ್ಕೆ ದಿನವೂ ಸ್ಟಿಕರ್ ಅಂಟಿಸುವವರೂ ಅವರೇ. ಯಜಮಾನರು ವಾಲಿದ ಎರಡು ಕೊಂಬೆ ಕಡಿಸಿದರು. ಇನ್ನು ಭೇಟಿ ತಿಂಗಳಿಗೊಮ್ಮೆ ಸಾಕು ಎಂದಿದ್ದಾರೆ. ಮುಂದಿನ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಎರಡು ಭೇಟಿ ಇಟ್ಟುಕೊಂಡಿದ್ದೇವೆ.

ಹೊಳೆಯಾಚೆಯವ | ಅಕ್ಟೋಬರ್ 1, ಬೆಳಿಗ್ಗೆ 6.50

ತಂಗಿ, ಬಹಳ ಸಂತೋಷವಾಯಿತು. ಮೇಡಂ, ನನ್ನದೊಂದು ಪ್ರಶ್ನೆ ಇದೆ. ಮೊಮ್ಮಗ ಬರುವ ಜೂನ್‌ನಲ್ಲಿ ಅದೇ ಶಾಲೆಗೆ ಸೇರುತ್ತಾನೆ. ಸಂಕ ಈಗ ಸಿಮೆಂಟಿನದು, ಎರಡೂ ಕಡೆ ಕಬ್ಬಿಣದ ಹಿಡಿ ಇದೆ. ಅವನನ್ನು ನಾನೇ ಕರೆದುಕೊಂಡು ಹೋಗಬೇಕು. ನಾನು ಇವತ್ತಿಗೂ ಮಳೆಗಾಲದಲ್ಲಿ ಆ ಸಂಕ ದಾಟುವುದಿಲ್ಲ, ಎರಡು ಮೈಲಿ ಸುತ್ತಿ ರಸ್ತೆಯಲ್ಲಿ ಹೋಗುತ್ತೇನೆ. ನನ್ನ ಅಂಜಿಕೆ ಅವನಿಗೆ ಅಂಟಬಾರದು. ಈ ವಯಸ್ಸಿನಲ್ಲಿ ಆಗುತ್ತದೆಯೇ?

ಮಕ್ಕಳ ಮನಸ್ಸು, ಶಿವಮೊಗ್ಗ | ಅಕ್ಟೋಬರ್ 1, ಬೆಳಿಗ್ಗೆ 8.05

ಆಗುತ್ತದೆ ಅಣ್ಣ. ಜೂನ್‌ವರೆಗೆ ಕಾಯಬೇಡಿ. ದೀಪಾವಳಿ ಕಳೆದು ಹಳ್ಳದ ನೀರು ಇಳಿಯುತ್ತದೆ, ಆಗ ಶುರು ಮಾಡಿ. ಮೊದಲ ದಿನ ದಾಟಬೇಡಿ, ಸಂಕದ ತುದಿಯಲ್ಲಿ ಹಿಡಿ ಹಿಡಿದು ಹತ್ತು ನಿಮಿಷ ನಿಂತು ಬನ್ನಿ. ಬಟ್ಟಲಿಗೆ ಎಷ್ಟು ಅಡಿಕೆ ಎಂದು ಬರೆದು ತಿಳಿಸಿ.